ಮನೆಯವರಿಗೆ ಕಾರ್ಡ್ ಇಲ್ಲ

...ಬಟ್ಟೆ ಪೆಟ್ಟಿಗೆ ಅಲ್ಲೇ ಬಾಗಿಲ ಹತ್ರ ಇರಲಿ ಬಿಡು. ಯಾರೂ ಹೊತ್ಕೊಂಡು ಹೋಗಲ್ಲ. ಒಳಗೆ ಬಾ. ಕೂತ್ಕೋ. ಅದರ ಮೇಲೆ ಬೇಡ, ಆ ಸ್ಟೂಲಿನ ಒಂದು ಕಾಲು ಗಿಡ್ಡ. ಈ ಕುರ್ಚಿ ಮೇಲೆ ಕೂತ್ಕೋ. ನಾನು ನಿಂತಿರ್ತೀನಿ. ನಲವತ್ತೆರಡು ವರ್ಷ ಔಷಧಿ ಅಂಗಡಿ ಕೌಂಟರ್ ಹಿಂದೆ ನಿಂತವನಿಗೆ ಕೂತ್ರೇನೇ ಸೊಂಟ ನೋಯೋದು.

ಶಟರ್ ಅರ್ಧ ಇಳಿಸಿದೀನಿ. ಊಟದ ಹೊತ್ತು. ಯಾರೂ ಬರಲ್ಲ.

ನಿಮ್ಮಣ್ಣ ಎಷ್ಟೊತ್ತಿಗೆ ಬರ್ತಾನಂತೆ? ...ಎರಡು ಬೆರಳು ತೋರಿಸ್ತೀಯಲ್ಲ, ಎರಡು ಗಂಟೆಗಾ? ಬಾಯಿ ಬಿಟ್ಟು ಹೇಳಬಾರದಾ ತಾಯಿ? ಈ ಮನೇಲಿ ಮಾತಾಡದೇ ಇರೋದು ನನ್ನ ಕೆಲಸ. ಈಗ ಅದನ್ನೂ ನೀನೇ ವಹಿಸ್ಕೊಂಡ್ಯಾ?

ನಗು ಬಂತು ನೋಡು. ಬಂತು, ಬಂತು, ನಾನು ನೋಡಿದೆ. ನುಂಗಬೇಡ.

ನಿಮ್ಮತ್ತೆ ಹೇಳ್ತಿದ್ಲು, "ಈ ಮನುಷ್ಯ ಮದುವೆ ಆದಾಗಿಂದ ಆಡಿದ ಮಾತೆಲ್ಲ ಒಂದು ಪೋಸ್ಟ್ ಕಾರ್ಡಲ್ಲಿ ಹಿಡಿಸುತ್ತೆ, ವಿಳಾಸ ಬರೆಯೋಕೂ ಜಾಗ ಉಳಿಯುತ್ತೆ" ಅಂತ. ನಿಜ. ಯಾರ ಹತ್ರ ಆಡಬೇಕಿತ್ತೋ ಅವಳು ಇದ್ದಾಗ ಆಡ್ಲಿಲ್ಲ. ಈಗ ನೋಡು, ಸೊಸೆನ ಕೂರಿಸ್ಕೊಂಡು... ಇರಲಿ.

ವಿಷಯಕ್ಕೆ ಬರ್ತೀನಿ. ನೀನು ಹೋಗಬೇಡ.

...ಗೊತ್ತು. ಗೊತ್ತಮ್ಮಾ. ನಾನು ಕುರುಡನಲ್ಲ. ನಿಮ್ಮತ್ತೆ ತೀರಿಕೊಂಡು ಎರಡು ತಿಂಗಳು, ನಿನ್ನ ಗಂಡ ನಿನ್ನ ಜೊತೆ ಒಂದು ಮಾತಾಡಿಲ್ಲ. ಊಟಕ್ಕೆ ಕೂತಾಗ ಉಪ್ಪು ನಿನ್ನ ಕೈ ಹತ್ರ ಇರುತ್ತೆ. "ಅಪ್ಪಾ, ಉಪ್ಪು" ಅಂತಾನೆ. ನಾನು ಎದ್ದು ಬಗ್ಗಿ ಎತ್ತಿ ಕೊಡ್ತೀನಿ. ನೀನು ತಟ್ಟೆ ನೋಡ್ತಾ ಇರ್ತೀಯ. ನನ್ನ ಮಗ ಅವನು. ಮೊಂಡ. ಒಂದು ಸಲ ಮನಸ್ಸಲ್ಲಿ ಅಚ್ಚಾಯ್ತು ಅಂದ್ರೆ ಆಯ್ತು. ಪ್ರೆಸ್ಸಲ್ಲಿ ಕೆಲಸ ಮಾಡಿ ಮಾಡಿ ತಲೆನೂ ಹಾಗೇ ಆಗಿದೆ.

"ಇವಳು ಅಮ್ಮನ ದಮ್ಮಿನ ಪಫ್ ಬಚ್ಚಿಟ್ಲು. ಅದಕ್ಕೇ ಅಮ್ಮ ಹೋದ್ಲು." ಇದು ಅವನ ತಲೇಲಿ ಅಚ್ಚಾಗಿರೋದು.

ನಿಲ್ಲು, ನಿಲ್ಲು. ಏಳಬೇಡ. ನಾನು ಹಾಗೆ ಹೇಳ್ತಿಲ್ಲ. ಅವನು ಹೇಳೋದನ್ನ ಹೇಳಿದೆ. ಕೂತ್ಕೋ.

ನಿನ್ನಿಂದ ಆಗಿದ್ದಲ್ಲ ಅದು. ಅದನ್ನ ಹೇಳೋಕೇ ಕರೆದಿದ್ದು. ನಿನ್ನಿಂದ ಆಗಿದ್ದಲ್ಲ.

...ಅಳ್ತೀಯಾ? ಅಳು. ನಾನು ಆ ಕಡೆ ತಿರುಗ್ತೀನಿ. ಈ ಬಾಟಲಿಗಳ ಧೂಳು ಒರೆಸಬೇಕಿತ್ತು ಹೇಗಿದ್ರೂ.

ಆಯ್ತಾ? ಸರಿ. ಕೇಳು.

ಈ ಮರದ ಪೆಟ್ಟಿಗೆ ನೋಡಿದೀಯಲ್ಲ? ದಿನಾ ನೋಡ್ತೀಯ, ತೆಗೆದು ನೋಡಿರಲ್ಲ. ಇದರೊಳಗೆ ಕಾರ್ಡು. ವರ್ಷಗಟ್ಟಲೆ ಔಷಧಿ ತಗೊಳ್ಳೋವ್ರಿಗೆ ಒಬ್ಬೊಬ್ಬರಿಗೆ ಒಂದೊಂದು. ಇನ್ನೂರ ಎಂಬತ್ತು ಚಿಲ್ಲರೆ ಇದೆ. ಮಧ್ಯೆ ಒಂದು ಗೆರೆ. ಎಡಗಡೆ ನಿತ್ಯದ್ದು. ಬಿ.ಪಿ., ಸಕ್ಕರೆ, ದಮ್ಮಿನ ಪಫ್ಫು, ಇಂಥವು. ಬಲಗಡೆ ಬಂದು ಹೋಗೋದು. ಜ್ವರಕ್ಕೆ, ಕೆಮ್ಮಿಗೆ, ಹಲ್ಲುನೋವಿಗೆ. ಬಲಗಡೆ ಹೊಸದು ಬರೆಯೋ ಮುಂಚೆ ಎಡಗಡೆ ಪೂರ್ತಿ ಓದಬೇಕು. ಬೆರಳಿಟ್ಟು ಓದಬೇಕು. ಅದು ನಾನೇ ಮಾಡ್ಕೊಂಡ ಕಟ್ಟಳೆ. ಯಾರೂ ಹೇಳಿಕೊಟ್ಟಿದ್ದಲ್ಲ. ಎಷ್ಟು ಜನ ಬೈದಿದಾರೆ ಗೊತ್ತಾ? "ಎರಡು ಮಾತ್ರೆಗೆ ಏನು ಜಾತಕ ನೋಡ್ತೀಯಾ ಮುದುಕ" ಅಂತ. ನೋಡ್ತೀನಿ. ಎರಡು ಔಷಧಿ ಕೂಡೋದು ಅಂದ್ರೆ ಸಂಬಂಧ ಕೂಡಿಸಿದ ಹಾಗೇ. ಒಬ್ಬೊಬ್ಬರೇ ಇದ್ದಾಗ ಇಬ್ಬರೂ ಒಳ್ಳೆಯವರು. ಒಂದೇ ಮನೇಲಿ ಬಿಟ್ಟು ನೋಡು!

ಯಾಕೆ ಹಾಗೆ ನೋಡ್ತೀಯಾ? ನಿನಗೂ ನಿನ್ನ ಗಂಡನಿಗೂ ಹೇಳಿದ್ದಲ್ಲಮ್ಮಾ. ಔಷಧಿ ವಿಷಯ.

ಎದುರುಗಡೆ ಕಟಿಂಗ್ ಶಾಪಿನವನು ಇದಾನಲ್ಲ, ಅವನಿಗೂ ದಮ್ಮು. ನಿಮ್ಮತ್ತೆ ಎಳೀತಿದ್ದದ್ದೇ ಪಫ್ಫು, ಬೆಳಿಗ್ಗೆ ಎರಡು ಸಾಯಂಕಾಲ ಎರಡು. ಹೋದ ಚಳಿಗಾಲದಲ್ಲಿ ಅವನಿಗೆ ಎದೆಗೆ ಸೋಂಕಾಯ್ತು. ಒಂದು ಚೀಟಿ ತಂದ. ಕ್ಲಾರಿಥ್ರೊಮೈಸಿನ್, ಹದಿನಾಲ್ಕು ದಿನ. ನಾನು ಕಾರ್ಡ್ ತೆಗೆದೆ. ಎಡಗಡೆ ಬೆರಳಿಟ್ಟೆ. ಪಫ್ಫು. ಆಗಲ್ಲ ಅಂದೆ. "ಯಾಕೆ ಆಗಲ್ಲ, ಡಾಕ್ಟರು ಕೊಟ್ಟಿದಾರೆ." ಡಾಕ್ಟರಿಗೇ ಫೋನ್ ಮಾಡಿದೆ. "ಸ್ವಾಮಿ, ಇವನು ಎಳೆಯೋದು ಸ್ಟೀರಾಯ್ಡ್ ಪಫ್ಫು. ಈ ಮಾತ್ರೆ ಬೇಡ, ಬೇರೆ ಬರ್ಕೊಡಿ." ಅವರು "ಒಳ್ಳೇದಾಯ್ತು ಯಜಮಾನ್ರೇ" ಅಂದ್ರು. ಬೇರೆ ಕೊಟ್ರು. ಅವನು ಈಗ ಚೆನ್ನಾಗಿದಾನೆ. ನಿನ್ನೆನೂ ಬಂದು, ಫ್ರೀಯಾಗಿ ಗಡ್ಡ ಹೆರೀತೀನಿ ಬನ್ನಿ ಅಂತ ಕರೆದ. ನಾನು ಹೋಗಲಿಲ್ಲ. ಕನ್ನಡಿ ಮುಂದೆ ಅಷ್ಟು ಹೊತ್ತು ಕೂರೋಕೆ ಆಗಲ್ಲ ನನಗೆ.

ಏನು ಆಗುತ್ತೆ ಅಂತ ತಾನೇ? ಹೇಳ್ತೀನಿ. ನಿಧಾನ.

ಪಫ್ ಎಳೆದಾಗ ಎಲ್ಲಾ ಎದೆಯಲ್ಲೇ ಉಳಿಯಲ್ಲ. ಸ್ವಲ್ಪ ಗಂಟಲಲ್ಲಿ ನುಂಗ್ತೀವಿ, ಸ್ವಲ್ಪ ರಕ್ತಕ್ಕೆ ಸೇರುತ್ತೆ. ಭಯ ಇಲ್ಲ. ಲಿವರ್ ಇದೆ, ಗುಡಿಸಿ ಹಾಕುತ್ತೆ. ದಿನಾ ಗುಡಿಸುತ್ತೆ. ಹನ್ನೊಂದು ವರ್ಷ ಎಳೆದ್ಲು ನಿಮ್ಮತ್ತೆ, ಏನಾಯ್ತು? ಏನೂ ಆಗಲಿಲ್ಲ. ಆದರೆ ಈ ಮಾತ್ರೆ ಇದೆಯಲ್ಲ, ಇದು ಲಿವರ್ ಕೈಯಿಂದ ಪೊರಕೆ ಕಿತ್ಕೊಳ್ಳುತ್ತೆ. ಕಸ ಬೀಳ್ತಾನೇ ಇರುತ್ತೆ, ಗುಡಿಸೋವ್ರಿಲ್ಲ. ಪಫ್ ಅದೇ ನಾಲ್ಕು. ಮೈಯೊಳಗೆ ಮಾತ್ರ ಎಷ್ಟೋ ಪಟ್ಟು. ಮುಖ ಊದುತ್ತೆ. ಹೊಟ್ಟೆ ಬರುತ್ತೆ. ಕೈಕಾಲು ಸಣ್ಣಗಾಗುತ್ತೆ. ಮುಟ್ಟಿದ್ರೆ ಚರ್ಮ ಕಂದುತ್ತೆ.

ಹ್ಞೂಂ. ಅದೇ. ನೀನು ಹೇಳಿದ್ದೇ.

ನಿನ್ನ ಟೇಪು ಹೇಳಿದ್ದು. ಒಪ್ಕೊಳ್ತೀನಿ. ಇಷ್ಟು ದಿನ ಒಪ್ಕೊಳ್ಳಲಿಲ್ಲ, ಇವತ್ತು ಒಪ್ಕೊಳ್ತೀನಿ. ಅವಳಿಗೆ ಹೊಸ ರವಿಕೆ ಹೊಲಿಯೋಕೆ ಅಳತೆ ತಗೊಂಡು ಅಂಗಡಿಗೆ ಇಳಿದು ಬಂದೆ. ನಿನ್ನ ಅಳತೆ ಪುಸ್ತಕ ಕೈಯಲ್ಲಿ. "ಮಾವ, ಅತ್ತೆಗೆ ಸೊಂಟ ನಾಲ್ಕು ಇಂಚು ಜಾಸ್ತಿಯಾಗಿದೆ, ತೋಳು ಮಾತ್ರ ಒಂದು ಇಂಚು ಕಮ್ಮಿ. ದಪ್ಪ ಆಗೋವ್ರು ಹೀಗೆ ಆಗಲ್ಲ ಮಾವ. ಹದಿನೈದು ವರ್ಷದಿಂದ ಜನರ ಮೈ ಅಳೀತಿದೀನಿ, ಹೀಗೆ ನೋಡಿಲ್ಲ" ಅಂದೆ. ನಾನೇನಂದೆ?

ನೆನಪಿದೆಯಲ್ಲ. ಇರದೇ ಏನು.

"ಬಂದ್ರಪ್ಪಾ ಟೇಪಿನ ಡಾಕ್ಟರಮ್ಮ" ಅಂದೆ. ಗಿರಾಕಿಗಳ ಮುಂದೆ ಅಂದೆ. ಎಲ್ಲರೂ ನಕ್ರು. ನೀನು ಪುಸ್ತಕ ಮಡಚ್ಕೊಂಡು ಮೆಟ್ಟಿಲು ಹತ್ತಿದೆ.

ನನಗೆ ಅವಳು ಚೆಂದ ಕಾಣ್ತಿದ್ಲಮ್ಮಾ. ಅದೇ ದರಿದ್ರ. ಮುಖ ತುಂಬ್ಕೊಂಡು, ಕೆನ್ನೆ ಕೆಂಪಾಗಿ. ಮದುವೆ ಫೋಟೋದಲ್ಲಿ ಇದ್ದ ಹಾಗೆ. ಹನ್ನೊಂದು ವರ್ಷ ದಮ್ಮಿಂದ ಒಣಗಿದ್ದ ಹೆಂಗಸು. "ನಿನಗೆ ನನ್ನ ಔಷಧಿ ಹಿಡೀತು ನೋಡು" ಅಂತ ನಾನು... ನಾನು ಹೆಮ್ಮೆ ಪಟ್ಟೆ.

ಯಾರೋ ಬಂದ್ರು. ನೀನು ಕೂತ್ಕೋ... ಯಾರದು? ...ಇಲ್ಲ, ಮುಚ್ಚಿದೆ. ತಲೆನೋವಾ? ನೀರು ಕುಡಿದು ಮಲಗು. ಹೋಗದಿದ್ರೆ ಮೂರಕ್ಕೆ ಬಾ. ...ಹೌದು, ನೀರು. ನೀರೂ ಔಷಧಿನೇ. ಹೋಗಯ್ಯಾ!

ಹೋದ. ಏನು, ಮತ್ತೆ ನಗು? ಇವತ್ತು ನಿನಗೆ ಅಳುನೂ ನಗುನೂ ಒಂದೇ ಬಾಗಿಲಲ್ಲಿ ಬರ್ತಿದೆ.

ಎಲ್ಲಿದ್ದೆ? ಹ್ಞಾಂ. ಮಾತ್ರೆ.

ನಿಮ್ಮತ್ತೆಗೆ ಮೂಗು ಕಟ್ಟಿ, ತಲೆ ಭಾರ, ಕೀವು ಬರ್ತಿತ್ತಲ್ಲ. ಮೂಗಿನ ಡಾಕ್ಟರ ಹತ್ರ ಹೋದ್ವಿ. ಅವರು ಮೂಗು ನೋಡಿದ್ರು. ಮೂಗಿನ ಡಾಕ್ಟರು ಮೂಗೇ ನೋಡೋದು, ಎದೇಲಿ ಏನಿದೆ ಅಂತ ಕೇಳ್ತಾರಾ? ಅದೇ ಕ್ಲಾರಿಥ್ರೊಮೈಸಿನ್ ಬರೆದ್ರು. "ದಿನಾ ಯಾವ ಔಷಧಿ ತಗೊಳ್ತೀರಿ" ಅಂತ ಒಂದು ಮಾತು ಕೇಳಿದ್ರೆ ಅವರ ಗಂಟೇನು ಹೋಗ್ತಿತ್ತು? ಕೇಳ್ಲಿಲ್ಲ. ಹೀಗೆ ಆಯ್ತು ಎರಡೂ ಕೂಡಿದ್ದು. ತಪ್ಪು ಅವರದು.

ಇದನ್ನೇ ಇವತ್ತು ಸಾಯಂಕಾಲ ಅವನಿಗೆ ಹೇಳ್ತೀನಿ. "ಲೋ, ಪಫ್ ಬಿಡಿಸಿದ್ದಕ್ಕೆ ಅಲ್ಲ ಕಣೋ, ಎರಡು ಔಷಧಿ ಕೂಡಿ ಹೀಗಾಯ್ತು, ಮೂಗಿನ ಡಾಕ್ಟರು ನೋಡ್ಕೊಳ್ಳಲಿಲ್ಲ" ಅಂತ. ನಾನು ಹೇಳಿದ್ರೆ ಕೇಳ್ತಾನೆ. ಔಷಧಿ ವಿಷಯದಲ್ಲಿ ನಾನು ಹೇಳಿದ್ದೇ ಕೊನೆ. ನೀನು ಆ ಬಟ್ಟೆ ಪೆಟ್ಟಿಗೆ ಮೇಲೆ ತಗೊಂಡು ಹೋಗು. ನಿಮ್ಮಣ್ಣ ಬಂದ್ರೆ ಊಟ ಹಾಕಿ ಕಳಿಸೋಣ. ಆಯ್ತಲ್ಲ?

ಆಯ್ತಲ್ಲ?

...ಯಾಕಮ್ಮಾ ಸುಮ್ಮನಿದೀಯಾ? ನಿನ್ನ ತಲೆ ಮೇಲಿಂದ ಬಂಡೆ ಎತ್ತಿದೀನಿ. ಒಂದು ಹ್ಞೂಂ ಅನ್ನಬಾರದಾ?

ಎಷ್ಟು ದಿನದ್ದು ಬರೆದಿದ್ರು ಅಂತ ಕೇಳು ಬೇಕಾದ್ರೆ. ಹತ್ತು ದಿನ.

ಹತ್ತು ದಿನಕ್ಕೆ ಮೈ ಅಷ್ಟೊಂದು ಬದಲಾಗಲ್ಲ ಅಂತ ನಿನಗೂ ಅನ್ನಿಸ್ತಿದೆ. ನಿನ್ನ ಹುಬ್ಬು ಹೇಳ್ತಿದೆ.

...ಮುಂದುವರೀತು. ಮಾತ್ರೆ ಮುಂದುವರೀತು. ಹತ್ತು ದಿನ ತಗೊಂಡ್ಲು, ಮೂಗು ತೆರೀತು, ಕೆಮ್ಮು ಹೋಯ್ತು, ಎಷ್ಟೋ ವರ್ಷ ಆದಮೇಲೆ ಒಂದೇ ಮಗ್ಗುಲಲ್ಲಿ ಮಲಗಿ ಬೆಳಗಿನ ತನಕ ನಿದ್ದೆ ಮಾಡಿದ್ಲು. ನಿಲ್ಲಿಸಿದ ಮೂರನೇ ದಿನಕ್ಕೆ ಮತ್ತೆ ಕಟ್ತು. "ರೀ, ಆ ಬಿಳಿ ಮಾತ್ರೆ ಚೆನ್ನಾಗಿತ್ತು" ಅಂದ್ಲು. ಹೀಗೆ... ಮುಂದುವರೀತು.

ಎಪ್ಪತ್ತು ದಿನ.

ಯಾರು ಕೊಟ್ರು ಅಂತ ಕೇಳಲ್ವಾ?

ಕೇಳು. ಬೇರೆ ಯಾರಾದ್ರೂ ಆಗಿದ್ರೆ ಮೊದಲು ಅದನ್ನೇ ಕೇಳ್ತಿದ್ರು.

...ಸರಿ. ನಾನೇ. ನಾನೇ ಕೊಟ್ಟೆ. ಮತ್ಯಾರು ಕೊಡ್ತಾರೆ? ಮೇಲೆ ಮನೆ, ಕೆಳಗೆ ಅಂಗಡಿ. ಮಧ್ಯೆ ಹದಿನಾರು ಮೆಟ್ಟಿಲು. ಸಾಯಂಕಾಲ ಹತ್ತೋವಾಗ ಎರಡನೇ ಶೆಲ್ಫಿಂದ ಒಂದು ಮಾತ್ರೆ ಪಟ್ಟಿ ತೆಗೆದು ಅಂಗಿ ಜೇಬಿಗೆ ಹಾಕ್ಕೊಂಡು ಹೋಗ್ತಿದ್ದೆ. ಚೀಟಿ ಇಲ್ಲ. ಕಾರ್ಡ್ ಇಲ್ಲ. ಈ ಪೆಟ್ಟಿಗೇಲಿ ಇಡೀ ಬೀದಿ ಇದೆಯಮ್ಮಾ. ಹಾಲಿನವನು, ಬಸ್ ಡ್ರೈವರು, ಶಾಲೆ ಹೆಡ್ ಮಾಸ್ತರು, ಅವರಮ್ಮ. ನಿಮ್ಮತ್ತೆದಿಲ್ಲ. ನನ್ನದಿಲ್ಲ. ನಿಮ್ಮದಿಲ್ಲ. ಮನೆಯವರಿಗೆ ಯಾರಾದ್ರೂ ಕಾರ್ಡ್ ಬರೀತಾರಾ? ಗೊತ್ತಿರುತ್ತಲ್ಲ! ಒಂದೇ ಹಾಸಿಗೇಲಿ ಮಲಗೋಳು, ಅವಳು ಏನು ತಗೊಳ್ತಾಳೆ ಅಂತ ನನಗೆ ಗೊತ್ತಿರಲ್ವಾ? ಗೊತ್ತಿತ್ತು. ಪಫ್ ಗೊತ್ತಿತ್ತು, ಮಾತ್ರೆ ಗೊತ್ತಿತ್ತು. ಎರಡನ್ನೂ ಒಂದು ಕಡೆ ಬರೆದು ಬೆರಳಿಟ್ಟು ಓದಿರಲಿಲ್ಲ. ಅಷ್ಟೇ.

ಕಟಿಂಗ್ ಶಾಪಿನವನಿಗೆ ಬೇಡ ಅಂದ ಮಾತ್ರೆನ ಅದೇ ಚಳಿಗಾಲದಲ್ಲಿ ಹೆಂಡತಿಗೆ ನೀರಿನ ಜೊತೆ ಕೊಟ್ಟೆ.

ನೀರು ನೀನು ತರ್ತಿದ್ದೆ. ಹೌದು. ನೀನೇ ತರ್ತಿದ್ದೆ ಲೋಟ.

...ಬೈಯಿ. ಬೈದುಬಿಡು. ನಿನ್ನನ್ನ ಟೇಪಿನ ಡಾಕ್ಟರಮ್ಮ ಅಂದೋನು ನಾನು. ಪಫ್ಫಿನ ಡಬ್ಬಿಯೊಳಗಿನ ಚೀಟಿ ಓದಿ ನೀನು ಮತ್ತೆ ಬಂದೆ. ಆ ಇರುವೆ ಅಕ್ಷರಾನ ಭೂತಗನ್ನಡಿ ಹಿಡಿದು ಓದಿದ್ದೆ, ನಾನು ಬಲ್ಲೆ. "ಮಾವ, ಇದರಲ್ಲಿ ಸ್ಟೀರಾಯ್ಡ್ ಇದೆಯಂತೆ, ಮುಖ ಊದೋದು, ಚರ್ಮ ತೆಳುವಾಗೋದು ಎಲ್ಲಾ ಬರೆದಿದೆ, ಅತ್ತೆಗೆ ಇದನ್ನ ಕಮ್ಮಿ ಮಾಡಿದ್ರೆ?" ಅಂದೆ. ಅವತ್ತು ಲೆಕ್ಕಪರಿಶೋಧನೆಯೋರು ಬರೋರಿದ್ರು, ನನಗೆ ತಲೆ ಬಿಸಿ. "ಏನಾದ್ರೂ ಮಾಡ್ಕೊಳ್ಳಿ" ಅಂದೆ. ಅಂದೆನಾ ಇಲ್ವಾ? ನೀನು ಪಫ್ ಎತ್ತಿಟ್ಟೆ. ನಿನಗೆ ಗೊತ್ತಿರಲಿಲ್ಲ, ಹಾಗೆ ದಿಢೀರಂತ ನಿಲ್ಲಿಸಬಾರದು ಅಂತ. ನನಗೆ ಗೊತ್ತಿತ್ತು.

ಮೂತ್ರಪಿಂಡದ ಮೇಲೆ ಟೋಪಿ ಇಟ್ಟ ಹಾಗೆ ಒಂದು ಗ್ರಂಥಿ ಇರುತ್ತೆ. ಮೈಗೆ ಬೇಕಾದ ಸ್ಟೀರಾಯ್ಡ್ ಅದೇ ಅಡುಗೆ ಮಾಡಿ ಬಡಿಸೋದು. ಹೊರಗಿಂದ ದಿನಾ ಬುತ್ತಿ ಬರ್ತಿದ್ರೆ ಅದು ಒಲೆ ಆರಿಸಿ ಮಲಗಿಬಿಡುತ್ತೆ. ಎಪ್ಪತ್ತು ದಿನ ಮಲಗಿತ್ತು. ಒಂದು ದಿನ ಬುತ್ತಿ ನಿಂತ್ಹೋಯ್ತು. ಒಲೆ ಹೊತ್ತಲಿಲ್ಲ. ಮೈಗೆ ಉಪವಾಸ. ಅದಕ್ಕೇ ಅವಳು ಸುಸ್ತು ಸುಸ್ತು ಅಂದಿದ್ದು. ವಾಂತಿ. ನಿಂತ್ರೆ ಕಣ್ಣು ಕತ್ತಲೆ. ನೀನು ಅವಳ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದೆ. ನಾನು ವಾಂತಿಗೆ ಒಂದು ಮಾತ್ರೆ ತಂದೆ. ಅದೂ ಇದೇ ಜೇಬಲ್ಲಿ.

ಮೂರನೇ ದಿನ ಆಸ್ಪತ್ರೆ.

...ನೀರು ಬೇಕಾ? ಬೇಡ್ವಾ. ನನಗೆ ಬೇಕು. ಇರು.

ಹ್ಞಾಂ. ನೋಡು, ಈಗ ಎಲ್ಲಾ ಹೇಳಿದೀನಿ. ಏನೂ ಮುಚ್ಚಿಟ್ಟಿಲ್ಲ. ಅವನಿಗೂ ಇದನ್ನೇ ಹೇಳ್ತೀನಿ. ಮಾತ್ರೆ ಕೊಟ್ಟೋನು ನಾನು, ಗಮನ ಇರಲಿಲ್ಲ, ವಯಸ್ಸಾಯ್ತು, ತಪ್ಪಾಯ್ತು. ಅವನು ನನ್ನ ಮೇಲೆ ಕೋಪ ಮಾಡ್ಕೊಳ್ಳಲಿ. ನನಗೆ ಉಪ್ಪು ಬೇಕಿದ್ರೆ ನಾನೇ ಎದ್ದು ತಗೊಳ್ತೀನಿ. ಗಮನ ತಪ್ಪೋದು ಯಾರಿಗಾದ್ರೂ ಆಗುತ್ತೆ. ಅದಕ್ಕೆ ಕ್ಷಮೆ ಇದೆ. ಅಲ್ವಾ? ಗಮನ ತಪ್ಪಿದ್ದಕ್ಕೆ ಕ್ಷಮೆ ಇದೆ.

ಯಾಕೆ ತಲೆ ತಗ್ಗಿಸ್ದೆ?

...ಆಸ್ಪತ್ರೆ ವಿಷಯನಾ?

ಆಸ್ಪತ್ರೇಲಿ ಏನಿದೆ? ಅವರು ಕೈಲಾದದ್ದು ಮಾಡಿದ್ರು. ಆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಪಾಪ ಎರಡು ದಿನ ಅವಳ ಹಾಸಿಗೆ ಬಿಟ್ಟು ಅಲ್ಲಾಡಲಿಲ್ಲ. ಬಿ.ಪಿ. ಮೇಲೇಳ್ತಿರಲಿಲ್ಲ. ಎಲ್ಲೋ ಸೋಂಕಿದೆ, ರಕ್ತಕ್ಕೆ ಹತ್ತಿದೆ ಅಂತ ಅದಕ್ಕೇ ಔಷಧಿ ಹಾಕಿದ್ರು. ಬಾಟಲಿ ಮೇಲೆ ಬಾಟಲಿ. ಅವಳು ಹೋದ ಮಾರನೇ ದಿನ ರಕ್ತದ ರಿಪೋರ್ಟ್ ಬಂತು. ಮೈಯಲ್ಲಿ ಸ್ಟೀರಾಯ್ಡೇ ಇಲ್ಲ ಅಂತ. ಡಾಕ್ಟರಮ್ಮ ಕಾಗದ ಹಿಡ್ಕೊಂಡು, "ಇಷ್ಟು ಸಣ್ಣ ಪಫ್ ನಿಲ್ಲಿಸಿದ್ದಕ್ಕೆ ಹೀಗಾಗುತ್ತಾ? ನನಗೆ ಅರ್ಥ ಆಗ್ತಿಲ್ಲ, ಆದ್ರೂ ದಿಢೀರಂತ ನಿಲ್ಲಿಸಬಾರದಿತ್ತು" ಅಂದ್ಲು. ಅದು ಅವನ ಕಿವಿಗೆ ಬಿತ್ತು. ಅವನು ನಿನ್ನ ಕಡೆ ತಿರುಗಿ ನೋಡಿದ. ಅಲ್ಲಿಂದ ಶುರು.

ನಾನು? ನಾನು ಅಲ್ಲೇ ಇದ್ದೆ. ಗೋಡೆಗೆ ಒರಗಿ.

ಮೊದಲನೇ ದಿನ ಆ ಡಾಕ್ಟರಮ್ಮ ಕೇಳಿದ್ಲು, ಹೌದು. ಕೇಳಿದ್ಲು. "ಪಫ್ ಬಿಟ್ಟು ಬೇರೆ ಯಾವುದಾದ್ರೂ ಔಷಧಿ ತಗೊಳ್ತಿದ್ರಾ ಇವರು? ಯಾವುದೇ ಇರಲಿ ಹೇಳಿ, ಮುಖ ನೋಡಿದ್ರೆ ನನಗೇನೋ ಅನುಮಾನ" ಅಂದ್ಲು. ಅವನು ಕಾಲ ಹತ್ರ ನಿಂತಿದ್ದ. ನೀನು ತಲೆ ಹತ್ರ. ನಾನು ಈ ಪಕ್ಕದಲ್ಲಿ. ನಾನು ಆ ಗಾಬರೀಲಿ... ಹೇಳೋಕೆ ಮರೆತೆ.

ಮರೆತೆ ಕಣಮ್ಮಾ. ಗಾಬರಿ. ಹೆಂಡತಿ ಹಾಗೆ ಮಲಗಿರೋವಾಗ ಯಾವನಿಗೆ ಏನು ನೆನಪಿರುತ್ತೆ? ನನ್ನ ಹೆಸರು ಕೇಳಿದ್ರೂ ಹೇಳ್ತಿರಲಿಲ್ಲ ನಾನು.

...

ಯಾಕೆ ಹಾಗೆ ನೋಡ್ತೀಯಾ?

ಮರೆತೆ ಅಂದೆನಲ್ಲ.

ಬೇರೆ ಕಡೆ ನೋಡು ತಾಯಿ. ಹಾಗೆ ನೋಡಬೇಡ. ಆಸ್ಪತ್ರೇಲೂ ಹಾಗೇ ನೋಡಿದೆ ನೀನು. ಹಾಸಿಗೆ ಆ ಕಡೆಯಿಂದ. ಡಾಕ್ಟರಮ್ಮ ಕೇಳಿದ ತಕ್ಷಣ ನೀನು ನನ್ನ ಮುಖ ನೋಡಿದೆ. ನಾನು ಆ ಬಾಟಲಿಯಿಂದ ಹನಿ ಬೀಳೋದನ್ನ ನೋಡ್ತಾ ನಿಂತೆ. ಒಂದು, ಎರಡು, ಮೂರು... ಹನ್ನೊಂದು ಹನಿ ಎಣಿಸಿದೆ.

ಹನಿ ಎಣಿಸಿದವನು ಗಾಬರೀಲಿದ್ದೆ ಅಂತ ಹೇಗೆ ಹೇಳೋದು.

ಮಾತಾಡಮ್ಮಾ. ಏನಾದ್ರೂ ಅನ್ನು. ಸುಳ್ಳ ಅನ್ನು.

...ಮರೀಲಿಲ್ಲ.

ಮರೆತಿರಲಿಲ್ಲ. ಪಟ್ಟಿ ನನ್ನ ಜೇಬಲ್ಲೇ ಇತ್ತು. ಅವಳು ಕೇಳಿದ ಕ್ಷಣವೇ ಎರಡೂ ಒಂದೇ ಗೆರೇಲಿ ಬಂದು ನಿಂತವು ಕಣ್ಮುಂದೆ. ಅಲ್ಲಿಯ ತನಕ ಇಲ್ಲ. ದೇವರಾಣೆ ಅಲ್ಲಿಯ ತನಕ ಇಲ್ಲ. ಅವತ್ತು ಆ ಕ್ಷಣದಲ್ಲಿ ಎಲ್ಲಾ ಗೊತ್ತಾಯ್ತು. ಊದಿದ ಮುಖ, ನಿನ್ನ ಟೇಪು, ಒಲೆ ಆರಿದ್ದು, ಎಲ್ಲಾ. ಏನು ಕೊಟ್ರೆ ಏಳ್ತಾಳೆ ಅನ್ನೋದೂ ಗೊತ್ತಾಯ್ತು. ಒಂದು ಸ್ಟೀರಾಯ್ಡ್ ಇಂಜೆಕ್ಷನ್ನು. ಅಂಥ ದುಬಾರಿದಲ್ಲ, ಅಪರೂಪದ್ದಲ್ಲ. ಇಲ್ಲೇ, ಆ ಗಾಜಿನ ಬೀರೂಲಿ ಎರಡನೇ ಸಾಲಲ್ಲಿದೆ.

ನಾಲಿಗೆ ತುದಿಗೆ ಬಂತು. ಆಗ ಅವನು, ನನ್ನ ಮಗ, ನನಗಿಂತ ಮುಂಚೆ ಬಾಯಿ ಹಾಕಿದ. "ಔಷಧಿ ವಿಷಯ ನಮ್ಮಪ್ಪನ್ನ ಕೇಳಿ ಡಾಕ್ಟರ್. ಡಾಕ್ಟರುಗಳ ತಪ್ಪನ್ನೇ ಹಿಡಿಯೋರು ಅವರು" ಅಂದ. ಎಷ್ಟು ಹೆಮ್ಮೆಯಿಂದ ಅಂದ. ಆ ಹುಡುಗಿ ನನ್ನ ಕಡೆ ಗೌರವದಿಂದ ತಿರುಗಿದ್ಲು.

ಇಲ್ಲ ಅಂದೆ. "ಬೇರೆ ಏನೂ ಇಲ್ಲಮ್ಮಾ. ಬರೀ ಪಫ್ಫು. ಅದನ್ನೂ ಸೊಸೆ ನಿಲ್ಲಿಸಿದ್ಲು" ಅಂದೆ.

ಅದನ್ನೂ ಸೇರಿಸಿದೆ. ಕೇಳಿರಲಿಲ್ಲ ಯಾರೂ. ನಾನಾಗಿ ಸೇರಿಸಿದೆ.

ಹೇಳಿದ್ರೆ ಉಳೀತಿದ್ಲಾ? ಗೊತ್ತಿಲ್ಲ. ಹೋದವಾರ ಆ ಡಾಕ್ಟರಮ್ಮನ ಹತ್ರ ಹೋಗಿ ಯಾರದೋ ಕಥೆ ಅನ್ನೋ ಹಾಗೆ ಕೇಳಿದೆ. "ಮೊದಲನೇ ದಿನವೇ ಗೊತ್ತಾಗಿದ್ರೆ ಉಳಿಸಬಹುದಿತ್ತೇನೋ" ಅಂದ್ಲು. ಏನೋ ಅಂದ್ಲು. ಆ 'ಏನೋ' ಹಿಡ್ಕೊಂಡು ಒಂದು ವಾರದಿಂದ ಉಸಿರಾಡ್ತಿದೀನಿ.

...ನೀನು ಬೆಚ್ಚಿಬೀಳಲಿಲ್ಲ.

ಬಾಯಿ ಮುಚ್ಕೊಳ್ಳಲಿಲ್ಲ. ಎದ್ದು ನಿಲ್ಲಲಿಲ್ಲ. ಹೀಗೆ ಹೇಳಿದ್ರೆ ಯಾರಾದ್ರೂ ಹೇಗೆ ಕೂತಿರ್ತಾರೆ ಸುಮ್ಮನೆ?

ನಿನಗೆ ಗೊತ್ತಿತ್ತು.

ಅವತ್ತೇ ಗೊತ್ತಿತ್ತು. ಎಪ್ಪತ್ತು ಸಾಯಂಕಾಲ ನೀರಿನ ಲೋಟ ತಂದೋಳು ನೀನು. ನಾನು ಇಲ್ಲ ಅಂದಾಗ ಇದೆ ಅಂತ ಗೊತ್ತಿದ್ದೋಳು ಆ ಕೋಣೇಲಿ ನೀನೊಬ್ಬಳೇ. ನೆಗಡಿ ಮಾತ್ರೆ ಇರಬೇಕು, ಔಷಧಿ ವಿಷಯ ಮಾವನಿಗೆ ಗೊತ್ತಿರುತ್ತೆ, ಅಂದ್ಕೊಂಡು ಸುಮ್ಮನಾದ್ಯಾ? ಆಮೇಲೆ ರಿಪೋರ್ಟ್ ಬಂದಾಗ ತಿಳೀತಾ? ...ಹ್ಞೂಂ. ತಲೆ ಆಡಿಸಬೇಡ, ತಿಳೀತು ನನಗೆ.

ಮತ್ತೆ ಅವನಿಗೆ ಯಾಕೆ ಹೇಳ್ಲಿಲ್ಲ? ಎರಡು ತಿಂಗಳು! "ಕೊಂದೋಳು" ಅನ್ನೋ ಹಾಗೆ ನೋಡಿದಾಗ, "ಹೋಗಿ ನಿಮ್ಮಪ್ಪನ ಕೇಳಿ" ಅಂತ ಒಂದು ಮಾತು ಅಂದಿದ್ರೆ ಮುಗೀತಿತ್ತಲ್ಲ! ಅವನು ತಾಯಿನ ಕಳ್ಕೊಂಡಿದಾನೆ, ಅಪ್ಪನೂ ಹೋಗೋದು ಬೇಡ ಅಂತನಾ? ನನ್ನ ಮೇಲಿನ ಮರ್ಯಾದೆಗಾ?

...ಅಲ್ಲ.

ನಾನೇ ಹೇಳ್ಲಿ ಅಂತ ಕಾದೆ.

ದಿನಾ ಊಟಕ್ಕೆ ಬಡಿಸಿ ಎದುರಿಗೆ ಕೂತು ಕಾದೆ. ಅವನು ಉಪ್ಪು ಕೇಳಿದಾಗೆಲ್ಲ ನೀನು ತಟ್ಟೆ ನೋಡ್ತಿದ್ದೆ ಅಂದ್ಕೊಂಡಿದ್ದೆ. ನೀನು ನನ್ನ ಕೈ ನೋಡ್ತಿದ್ದೆ. ಇವತ್ತು ಕಾದು ಸಾಕಾಯ್ತು. ಅದಕ್ಕೇ ಪೆಟ್ಟಿಗೆ ಕಟ್ಟಿದೆ.

ಹೊರಗೆ ಗಾಡಿ ನಿಂತಿತು. ನಿಮ್ಮಣ್ಣನೇ. ಇಲ್ಲ, ಹೋಗಬೇಡ ಅನ್ನಲ್ಲ ನಾನು. ಅನ್ನೋ ಬಾಯಿ ಉಳಿದಿಲ್ಲ ನನಗೆ. ಒಂದೇ ಒಂದು ನಿಮಿಷ ನಿಲ್ಲು. ಇಲ್ಲೇ ನಿಲ್ಲು. ನೀನು ಇಲ್ಲಿ ಇಲ್ದೇ ಇದ್ರೆ ನಾನು ಮತ್ತೆ ಬೇರೆ ಏನೋ ಹೇಳಿಬಿಡ್ತೀನಿ. ನನ್ನನ್ನ ನಾನು ಬಲ್ಲೆ.

ಪ್ರೆಸ್ಸಿನ ನಂಬರ್... ಕನ್ನಡಕ ಎಲ್ಲಿ? ...ಕೊಡು. ನೀನೇ ಒತ್ತಿ ಕೊಡು.

ಹಲೋ. ಮಷೀನ್ ನಿಲ್ಲಿಸೋ. ...ನಿಲ್ಲಿಸು, ಕೇಳಿಸ್ತಿಲ್ಲ. ...ನಾನು. ಅಪ್ಪ. ...ಮೈ ಚೆನ್ನಾಗಿದೆ. ಕೇಳು, ಮಧ್ಯೆ ಬಾಯಿ ಹಾಕಬೇಡ. ನಿಮ್ಮಮ್ಮನ್ನ ಸೇರಿಸಿದ ದಿನ ಆ ಡಾಕ್ಟರಮ್ಮ ಬೇರೆ ಔಷಧಿ ಏನಾದ್ರೂ ಇದೆಯಾ ಅಂತ ಕೇಳಿದ್ರು. ನಾನು ಇಲ್ಲ ಅಂದೆ. ನೀನು ಅಲ್ಲೇ ಇದ್ದೆ.

ಇತ್ತು ಕಣೋ.

ಇತ್ತು.